ಮೂರನೇ ಪಾಯಿಂಟ್

ಅರಸೀಕೆರೆಯ ಗಂಗಾಧರಯ್ಯನವರು ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವರು. ಹಳಿ ಬದಲಿಸುವ ಪಾಯಿಂಟಿಗೆ ಸಿಕ್ಕಿ ಎರಡು ಬೆರಳು ಕಳೆದುಕೊಂಡಿದ್ದರು. ನಿವೃತ್ತಿಯ ನಂತರ ಮನೆಯಲ್ಲೇ ಮೇಜಿನ ಮೇಲೆ ಆಟಿಕೆ ರೈಲಿನ ಯಾರ್ಡು ಕಟ್ಟಿದರು. ಆ ಆಟಿಕೆಯ ಪಾಯಿಂಟ್ ಮುಟ್ಟುವ ಮೊದಲೂ ಹಳಿಯ ಸಂದಿಗೆ ಒಂದು ಬೆಂಕಿಕಡ್ಡಿ ಸಿಕ್ಕಿಸುತ್ತಿದ್ದರು, ಅದು ಕೈಮೇಲೆ ಮುಚ್ಚಿಕೊಳ್ಳದಿರಲೆಂದು. ಅವರ ಮನೆಗೆ ಹೋಗಿಬರುತ್ತಿದ್ದ, ವೈರಿಂಗ್ ಕೆಲಸದವನಾದ ನಾನು ಅದನ್ನು ನೋಡಿ ನಗುತ್ತಿದ್ದೆ.

ಅವರು ತೀರಿಕೊಂಡ ಮೇಲೆ, ಅವರೇ ತಂದು ಕೂರಿಸಿದ್ದ, ಪಾಯಿಂಟ್ ಸರಿಸುವ ಮೋಟಾರುಗಳಿಗೆ ವೈರ್ ಎಳೆದುಕೊಡಲು ಅವರ ಹೆಂಡತಿ ಗುರುಸಿದ್ದಮ್ಮ ನನ್ನನ್ನು ಕರೆದರು. ಮಟಮಟ ಮಧ್ಯಾಹ್ನ. ಸ್ವಿಚ್ ಒತ್ತಿದರೆ ಮೂರನೇ ಪಾಯಿಂಟ್ ಮಾತ್ರ ಮುಚ್ಚಲಿಲ್ಲ. ಸಂದಿಯಲ್ಲಿ ಬೆಂಕಿಕಡ್ಡಿಯಿತ್ತು. ಕಿತ್ತೆಸೆದೆ. ಮೇಜಿನಡಿ ಬಗ್ಗಿ ವೈರ್ ನೋಡಿ ಎದ್ದರೆ ಅಲ್ಲಿ ಮತ್ತೊಂದು ಕಡ್ಡಿ. ಆ ಸೆಕೆಯಲ್ಲೂ ಹಳಿ ಕೊರೆಯುವಷ್ಟು ತಣ್ಣಗಿತ್ತು.

"ಅಮ್ಮಾ, ಬೆಂಕಿಪೊಟ್ಟಣ ಎಲ್ಲಿಟ್ಟಿದ್ದೀರಿ?"

"ನಮ್ಮನೇಲಿ ಎಲ್ಲೈತಪ್ಪ? ಅವ್ರು ಹೋದ್ಮೇಲೆ ತರಿಸೇ ಇಲ್ಲ. ಒಲೆಗೆ ಲೈಟರ್ ಐತಲ್ಲ."

ನನಗೆ ರೇಗಿತು. ಕರೆಂಟು ಕೊಡುವ ಅಡಾಪ್ಟರನ್ನೇ ಕಿತ್ತು ಜೇಬಿಗೆ ಹಾಕಿಕೊಂಡೆ. ಆ ಕಡ್ಡಿಯನ್ನೂ ಎಸೆದು, ಸಂದಿಯನ್ನು ಉಗುರಿನಿಂದ ಕೆದಕಿದೆ.

ಪಾಯಿಂಟ್ ಮುಚ್ಚಿಕೊಂಡಿತು.

ಎಷ್ಟು ಎಳೆದರೂ ಬೆರಳು ಬರಲಿಲ್ಲ. ಗುರುಸಿದ್ದಮ್ಮ ಓಡಿಬಂದು ಸ್ಕ್ರೂಡ್ರೈವರ್‌ನಿಂದ ಮೀಟಿ ಬಿಡಿಸಿದರು. ಆ ಉಗುರು ಇಂದಿಗೂ ಕಪ್ಪಗಿದೆ.

ಅಡಾಪ್ಟರ್ ಆಗಲೂ ನನ್ನ ಜೇಬಿನಲ್ಲೇ ಇತ್ತು.