ಅಳಿಸಿದ ಮೇಲೂ ಉಳಿದ ಸುದ್ದಿ

"ಇದನ್ನ ಅಳಿಸಿದ್ದು ಯಾರು?"

ಹಿರಿಯ ಇಂಜಿನಿಯರನ ದನಿ ಇಡೀ ಕೋಣೆಗೆ ಕೇಳಿಸಿತು. ಕೆಲಸಕ್ಕೆ ಹೊಸದಾಗಿ ಸೇರಿದ್ದ ಅವಳು ಮೆಲ್ಲಗೆ ಕೈ ಎತ್ತಿದಳು.

"ನಾನೇ..."

"ಗ್ರಾಹಕರ ಪಟ್ಟಿಯಿಂದ ನೀವು ಅಳಿಸಿದ ಹೆಸರು ಎಲ್ಲಾ ಕಂಪ್ಯೂಟರ್‌ನಲ್ಲೂ ಮತ್ತೆ ಬಂದು ಕೂತಿದೆ, ನೋಡಿ!"

ಅಲ್ಲಿನ ಸಾವಿರಾರು ಕಂಪ್ಯೂಟರ್‌ಗಳಿಗೆ ಯಜಮಾನನೆಂಬುವನಿಲ್ಲ. ಒಂದು ತನಗೆ ತಿಳಿದದ್ದನ್ನು ಎದುರು ಸಿಕ್ಕ ಎರಡು ಮೂರಕ್ಕೆ ಹೇಳುತ್ತದೆ, ಅವು ಇನ್ನಷ್ಟಕ್ಕೆ. ಥೇಟ್ ಕಾಫಿ ಹೊತ್ತಿನ ಗುಸುಗುಸು! ಕೆಟ್ಟು ಮೂಲೆ ಸೇರಿದ್ದ ಕಂಪ್ಯೂಟರೊಂದು ರಿಪೇರಿಯಾಗಿ ಬಂದು, ತನಗೆ ಗೊತ್ತಿದ್ದ ಹಳೆಯ ಹೆಸರನ್ನೇ ಹೊಸ ಸುದ್ದಿಯೆಂದು ಹಬ್ಬಿಸಿಬಿಟ್ಟಿತ್ತು.

"ಸುಮ್ಮನೆ ಅಳಿಸಿದ್ರೆ ಸಾಲದು. ಅಳಿಸಿದೀನಿ ಅನ್ನೋ ಸುದ್ದೀನೂ ಹಬ್ಬಿಸ್ಬೇಕು." ಅವಳ ಕಣ್ಣು ತುಂಬಿದ್ದು ಕಂಡು ಆತ ಮೆತ್ತಗಾದ. "ಬನ್ನಿ, ಸರಿ ಮಾಡೋಣ."

ಮಾತು ಕಮ್ಮಿಯ ಆ ಹಿರಿಯ ಇಂಜಿನಿಯರನಿಗೆ ಆಫೀಸಿಟ್ಟ ಹೆಸರು ಮೌನಿ. ಅವಳದ್ದು ಚಿನಕುರುಳಿ. ಒಂದೇ ಪರದೆಯ ಮುಂದೆ ಕೂತೂ ಕೂತೂ, ಅವನ ಕುರ್ಚಿ ಖಾಲಿಯಿದ್ದ ದಿನ ಅವಳಿಗೆ ಕೆಲಸವೇ ಓಡದಂತಾಯಿತು. ಪ್ರೀತಿ! ಆದರೆ ಬಾಯಿಬಡುಕಿಗೆ ಅದೊಂದು ಮಾತು ಮಾತ್ರ ಗಂಟಲಿನಿಂದ ಮೇಲೆ ಬರಲೊಲ್ಲದು.

ಅಷ್ಟರಲ್ಲಿ ಹೆರಿಗೆ ರಜೆ ಮುಗಿಸಿ ಬಂದ ಅಕೌಂಟ್ಸ್ ಅಕ್ಕ, ಬಂದವರೇ ಕೇಳಿದರು. "ನಮ್ಮ ಮೌನಿ ಮದುವೆ ಯಾವಾಗಂತೆ? ನಿಶ್ಚಯ ಆಗಿತ್ತಲ್ಲ!"

ಮಧ್ಯಾಹ್ನಕ್ಕೆ ಮಹಡಿಗೆಲ್ಲ ಸುದ್ದಿ. ಸಂಜೆಯ ಹೊತ್ತಿಗೆ ವಧುವಿನ ಬಣ್ಣ, ಎತ್ತರ ಎಲ್ಲವೂ ಗೊತ್ತಾಗಿತ್ತು!

ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ನೀರು ಹಿಡಿಯಲು ಹೋಗಿ ಬಾಟಲಿಯನ್ನು ಅಲ್ಲೇ ಮರೆತಳು. 'ನನಗೊಂದು ಮಾತು ಹೇಳಬಾರದಿತ್ತಾ...' ಅವನು ಎದುರಾದರೆ ಮುಖ ತಿರುಗಿಸಿದಳು. ಕೊನೆಗೆ ಬೇರೆ ಊರಿನ ಶಾಖೆಗೆ ವರ್ಗವನ್ನೂ ಕೇಳಿಬಿಟ್ಟಳು.

ಹೊರಡುವ ದಿನ ಮೇಜು ಖಾಲಿ ಮಾಡುತ್ತಿದ್ದಾಗ ಆತ ಬಂದು ನಿಂತ.

"ಹೋಗ್ತಿದ್ದೀರಂತೆ... ನನಗ್ಯಾಕೆ ಹೇಳಲಿಲ್ಲ?"

"ನಿಮ್ಮ ಮದುವೆ ವಿಷಯ ನೀವು ಹೇಳಿದ್ರಾ?"

"ಯಾವ ಮದುವೆ?"

"ಅಕೌಂಟ್ಸ್ ಅಕ್ಕ ಹೇಳಿದ್ರಲ್ಲ!"

ಆತ ಕುರ್ಚಿ ಎಳೆದು ಕೂತ. "ಮದುವೆ ಖರ್ಚಿಗೆ ಅಡ್ವಾನ್ಸ್ ಕೇಳೋಕೆ ಅವರೊಬ್ಬರಿಗೇ ಹೇಳಿದ್ದೆ. ಅತ್ತ ಅವರು ರಜೆಗೆ ಹೋದ್ರು, ಇತ್ತ ಸಂಬಂಧ ಮುರಿದುಬಿತ್ತು. ಯಾರ ಹತ್ರಾನೂ ಹೇಳದೆ ಅಳಿಸಿ ಹಾಕ್ಬಿಟ್ಟೆ..."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ಸುಮ್ಮನೆ ಅಳಿಸಿದ್ರೆ ಸಾಲದು ಅಂತ ನನ್ನ ಬೈದಿದ್ದು ಯಾರು ಸಾರ್?"

"ನಾನೇ..."

"ನಾನೂ ದಡ್ಡಿ! ನಿಮ್ಮನ್ನೇ ಒಂದು ಮಾತು ಕೇಳ್ಬೇಕಿತ್ತು."

ಮೌನಿ ಎದ್ದು ನಿಂತ. "ಎಲ್ಲರೂ ಕೇಳಿ! ನನ್ನ ನಿಶ್ಚಯ ಮುರಿದು ಎಷ್ಟೋ ಕಾಲ ಆಯ್ತು!"

ಕೋಣೆಗೆ ಕೋಣೆಯೇ ತಿರುಗಿ ನೋಡಿತು. ಆತ ಅವಳತ್ತ ಬಗ್ಗಿ ದನಿ ತಗ್ಗಿಸಿದ.

"ಹೊಸ ಸುದ್ದಿ ಒಂದಿದೆ. ನಿನಗೊಬ್ಬಳಿಗೇ."

ಮೊದಲ ಸಲ 'ನೀನು' ಅಂದಿದ್ದ!

"ನೀನಿಲ್ಲದೆ ನನಗಾಗಲ್ಲ... ಹೋಗ್ಬೇಡ."

"ಇದನ್ನ ಅಳಿಸಲ್ಲ ತಾನೇ?"

"ಜನ್ಮದಲ್ಲಿ ಇಲ್ಲ."

ಅವಳು ಚೀಲದಿಂದ ಬಾಟಲಿ ತೆಗೆದು ಮತ್ತೆ ಮೇಜಿನ ಮೇಲಿಟ್ಟಳು, ಕಣ್ಣೊರೆಸಿಕೊಂಡಳು.

"ಹಾಗಾದ್ರೆ ಹಬ್ಬಿಸೋ ಕೆಲಸ ನನಗಿರಲಿ. ಮೊದಲು ಅಕೌಂಟ್ಸ್ ಅಕ್ಕನಿಗೆ!"