ಉಪವಾಸವೆಂಬ ಸ್ವತಂತ್ರ ಚರ

ಚರಶೋಧಕದ ಪರದೆಯ ಮೇಲೆ ನಾಲ್ಕು ಬಣ್ಣದ ಗೆರೆಗಳು ಓಡುತ್ತಿದ್ದವು. ದಾವಣಗೆರೆಯ ಒಂದು ಆಸ್ಪತ್ರೆಗೆ ಆ ಯಂತ್ರ ಬಂದು ತಿಂಗಳಾಗಿತ್ತು. ಒಟ್ಟೊಟ್ಟಿಗೆ ಬದಲಾಗುವ ಸಂಗತಿಗಳಲ್ಲಿ ಯಾವುದು ತಾನಾಗಿ ಬದಲಾಗುತ್ತದೆ, ಯಾವುದು ಅದರ ಬೆನ್ನಿಗೆ ಬದಲಾಗುತ್ತದೆ ಎಂದು ಹೇಳುವುದು ಅದರ ಕೆಲಸ. ಮೊದಲನೆಯದು ಸ್ವತಂತ್ರ ಚರ, ಎರಡನೆಯದು ಅವಲಂಬಿತ ಚರ. ಶಾಲೆಯ ಬೀಜಗಣಿತವೇ ಇದು. ಆದರೆ ಬದುಕಿನಲ್ಲಿ ಎಕ್ಸ್ ಯಾವುದು, ವೈ ಯಾವುದು ಎಂದು ಯಾವ ಮೇಷ್ಟ್ರು ಬೋರ್ಡಿನ ಮೇಲೆ ಬರೆದಿಟ್ಟಿರುತ್ತಾರೆ, ಹೇಳಿ?

ಯಂತ್ರದ ಪಟ್ಟಿ ಇಬ್ಬರ ಮಣಿಕಟ್ಟಿನಲ್ಲಿತ್ತು. ಒಬ್ಬಳು ಹನ್ನೆರಡು ವರ್ಷದ ಇಂಚರ, ಮೂಳೆಯ ಕಾಯಿಲೆಯಿಂದ ಆರು ತಿಂಗಳಿಂದ ಮಲಗಿದವಳು. ಇನ್ನೊಬ್ಬಳು ಅವಳ ತಾಯಿ ಹಾಲಮ್ಮ, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವಳು. ದಿನಾ ಮಧ್ಯಾಹ್ನ ನರ್ಸ್ ಬಂದು ನೋವು ಎಷ್ಟಿದೆ ಎಂದು ಕೇಳುತ್ತಿದ್ದಳು. ಸೊನ್ನೆಯಿಂದ ಹತ್ತರೊಳಗೆ ಹುಡುಗಿ ಒಂದು ಅಂಕೆ ಹೇಳಬೇಕು, ಆ ಅಂಕೆಗೆ ತಕ್ಕಷ್ಟು ಔಷಧ.

"ಡಾಕ್ಟ್ರೇ, ನಾನು ಉಪವಾಸ ಇದ್ದ ದಿನ ಇವಳ ನೋವು ಇಳೀತೈತೆ," ಎಂದಿದ್ದಳು ಹಾಲಮ್ಮ ಮೂರು ವಾರದ ಹಿಂದೆ. "ಆ ದಿನ ಅಂಕೆ ಮೂರಕ್ಕೆ ಇಳಿಯೋ ತನಕ ತುತ್ತು ಮುಟ್ಟಲ್ಲ ಅಂತ ಹರಕೆ ಹೊತ್ತೀನಿ. ವಾರಕ್ಕೆ ನಾಲ್ಕು ದಿನ ಮಾಡ್ತಿದೀನಿ. ಏಳೂ ದಿನ ಮಾಡಿದ್ರೆ ಪೂರ್ತಿ ಹೋಗ್ತೈತೇನೋ, ನಿಮ್ ಮಿಷನ್ನಾಗೆ ನೋಡ್ರಿ."

ಯಂತ್ರ ಕಟ್ಟಿದ ಡಾಕ್ಟರ್ ತಿಪ್ಪೇಸ್ವಾಮಿಗೆ ನಗು ಬಂತು. ಈ ಹುಚ್ಚನ್ನು ಬಿಡಿಸಿಯೇ ಬಿಡುತ್ತೇನೆ ಎಂದುಕೊಂಡರು.

"ಅಮ್ಮಾ, ಬಾಣಲೆಗೆ ಅಕ್ಕಿ ಎಷ್ಟು ಹಾಕ್ಬೇಕು ಅಂತ ಯಾರು ತೀರ್ಮಾನ ಮಾಡ್ತಾರೆ?"

"ನಾನೇ."

"ಮಂಡಕ್ಕಿ ಎಷ್ಟಾಗ್ಬೇಕು ಅಂತ?"

"ಅದನ್ಯಾರು ತೀರ್ಮಾನ ಮಾಡ್ತಾರ್ರೀ! ಅಕ್ಕಿ ಹಾಕಿದಂಗೆ ಮಂಡಕ್ಕಿ."

"ಹಾಂ. ಅಕ್ಕಿ ಸ್ವತಂತ್ರ, ಮಂಡಕ್ಕಿ ಅವಲಂಬಿತ. ನಿಮ್ಮ ಉಪವಾಸ ಅಕ್ಕಿ, ನೋವು ಮಂಡಕ್ಕಿ ಅಂತಿದೀರಿ ನೀವು. ಹಂಗಿಲ್ಲ ಅಂತ ಯಂತ್ರಾನೇ ಹೇಳತ್ತೆ, ಮೂರು ವಾರ ತಡೀರಿ."

ಮೂರು ವಾರ ಕಳೆದು, ಈ ದಿನ, ಯಂತ್ರ ಮೊದಲ ಸಾಲು ಬರೆಯಿತು: ಸ್ವತಂತ್ರ ಚರ, ತಾಯಿಯ ಹಸಿವು. ಅವಲಂಬಿತ ಚರ, ಮಗಳು ಹೇಳುವ ಅಂಕೆ.

"ನಾ ಹೇಳ್ಲಿಲ್ವಾ!" ಹಾಲಮ್ಮನ ಮುಖ ಅರಳಿತು. "ನಾಳೆಯಿಂದ ಏಳೂ ದಿನ!"

ತಿಪ್ಪೇಸ್ವಾಮಿ ಪರದೆಯತ್ತ ಬಗ್ಗಿದರು. ಮುಂದಿನ ಸಾಲುಗಳು ಬರುತ್ತಿದ್ದವು. ಔಷಧ ಅಂಕೆಯನ್ನು ಅವಲಂಬಿಸಿದೆ. ನರಗಳಲ್ಲಿನ ನಿಜವಾದ ನೋವು ಔಷಧವನ್ನು ಅವಲಂಬಿಸಿದೆ. ಆ ನೋವಿನ ಕೆಂಪು ಗೆರೆ ಉಪವಾಸದ ದಿನಗಳಂದೇ ಎಲ್ಲಕ್ಕಿಂತ ಮೇಲಕ್ಕೆ ಹೋಗಿತ್ತು. ಯಂತ್ರವನ್ನು ಆರಿಸಿಬಿಡೋಣವೇ ಎಂದು ಅವರಿಗೆ ಒಂದು ಕ್ಷಣ ಅನ್ನಿಸಿತು. ಆದರೆ ಹುಡುಗಿಯ ನೋವು ಮುಚ್ಚಿಟ್ಟರೆ ಹೋಗುವಂಥದ್ದಲ್ಲ.

"ಇಂಚರ, ಉಪವಾಸದ ದಿನ ನೀನು ಮೂರು ಅಂತ ಯಾಕೆ ಹೇಳ್ತಿದ್ದೆ ಪುಟ್ಟಾ?"

ಹುಡುಗಿ ತಾಯಿಯ ಕಡೆ ನೋಡಿದಳು. "ಮೂರು ಅನ್ನೋ ತನಕ ಅಮ್ಮ ಉಣ್ತಿರ್ಲಿಲ್ಲ ಸಾರ್. ಅಮ್ಮಂಗೆ ತಲೆ ಸುತ್ತು ಬರ್ತಿತ್ತು."

ಹಾಲಮ್ಮನಿಗೆ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಅವಳು ಮಂಚದ ಕಾಲು ಹಿಡಿದು ನೆಲಕ್ಕೆ ಕುಸಿದಳು. "ನನ್ ಮಗೀಗೆ ನಾನೇ ಔಷಧಿ ತಪ್ಪಿಸ್ದೆನಲ್ಲೋ ಶಿವನೇ," ಎಂದು ಹಣೆ ಹಣೆ ಚಚ್ಚಿಕೊಂಡಳು. ಅಂದಿನ ತನ್ನ ನಗುವನ್ನು ನೆನೆದು ತಿಪ್ಪೇಸ್ವಾಮಿಗೆ ಅಸಹ್ಯವಾಯಿತು.

ಮರುದಿನ ಮಧ್ಯಾಹ್ನ ನರ್ಸ್ ಬಂದಾಗ ಹಾಲಮ್ಮ ಮಂಚದ ಪಕ್ಕದಲ್ಲಿ ತಟ್ಟೆ ತುಂಬ ಅನ್ನ ಸಾರು ಹಾಕಿಕೊಂಡು ಕೂತಿದ್ದಳು. ಇಂಚರ ಮೊದಲು ತಟ್ಟೆ ನೋಡಿದಳು. ತಾಯಿ ಒಂದು ತುತ್ತು ಬಾಯಿಗಿಟ್ಟು, ಅಗಿದು, ನುಂಗುವುದನ್ನು ನೋಡಿದಳು.

"ಒಂಬತ್ತು," ಎಂದಳು. ಆರು ತಿಂಗಳಲ್ಲಿ ಮೊದಲ ಸಲ ಅವಳಿಗೆ ಜೋರಾಗಿ ಅಳು ಬಂತು.

ಹಾಲಮ್ಮ ಮುಂದಿನ ತುತ್ತು ಕಲಸಿದಳು. ಕೈ ನಿಂತರೆ ಮಗಳು ಮತ್ತೆ ಬಾಯಿ ಮುಚ್ಚಿಕೊಳ್ಳುತ್ತಾಳೆಂದು ಅವಳಿಗೀಗ ಗೊತ್ತಿತ್ತು. ನರ್ಸ್ ಸೂಜಿ ಚುಚ್ಚಿದಳು. ಔಷಧ ಹಿಡಿಯಲು ಕಾಲು ಗಂಟೆ ಬೇಕು. ಆ ಕಾಲು ಗಂಟೆ ಮಗಳು ಅಳುತ್ತಲೇ ಇದ್ದಳು, ತಾಯಿ ಉಣ್ಣುತ್ತಲೇ ಇದ್ದಳು.