ನೀಲಿ ಕಾರು ಮತ್ತು ಒಂದು ‘ನೋಡೋಣ’

“ಬಾನೆಟ್ ತೆಗೀರಿ,” ಎಂದಳು ನಿಶ್ಚಿತಾ ಹಿಂದಿಯಲ್ಲಿ, ಕೈಯಲ್ಲಿದ್ದ ಹಾಳೆಯಿಂದ ಕಣ್ಣೆತ್ತದೆ.

ಯಾರೂ ತೆಗೆಯಲಿಲ್ಲ.

“ನಿಮಗೇ ಹೇಳಿದ್ದು...” ಎಂದು ತಲೆಯೆತ್ತಿದವಳ ಮಾತು ಅರ್ಧಕ್ಕೇ ನಿಂತಿತು.

ಕಾರಿನ ಆಚೆ ನಿಂತಿದ್ದವನು ಹೃಷಿಕೇಶ! ಮೂರು ವರ್ಷದ ಹಿಂದೆ ವಸ್ತ್ರಾಪುರದ ಕೆರೆ ದಂಡೆಯಲ್ಲಿ ‘ಮದುವೆ ಆಗ್ತೀಯಾ’ ಎಂದು ಕೇಳಿ, ವಾರ ಕಳೆಯುವುದರೊಳಗೆ ಹೇಳದೆ ಕೇಳದೆ ಅಹಮದಾಬಾದ್ ಬಿಟ್ಟುಹೋದವನು.

ಅವಳಿಗೆ ಅಲ್ಲಿಂದ ಹೊರಟುಹೋಗಬೇಕೆನಿಸಿತು. ಆದರೆ ಕೆಲಸ ಕೆಲಸವೇ. ಹಳೆಯ ಕಾರು ಕೊಳ್ಳುವವರ ಪರವಾಗಿ ತಪಾಸಣೆ ಮಾಡಿ ವರದಿ ಕೊಡುವುದು ಅವಳ ವೃತ್ತಿ. ಇವತ್ತು ಅಹಮದಾಬಾದಿನ ವಟ್ವಾದ ಈ ಗ್ಯಾರೇಜಿಗೆ ಬಂದದ್ದೂ ಅದಕ್ಕೇ. ಕಾರು ಸೂರತ್ತಿನ ಜವಳಿ ವ್ಯಾಪಾರಿಯೊಬ್ಬರದು. ಕಡುನೀಲಿ ಬಣ್ಣ, ಎರಡೇ ಬಾಗಿಲು, ಉದ್ದ ಮೂತಿ, ಹನ್ನೆರಡು ಸಿಲಿಂಡರಿನ ಎಂಜಿನ್. ದೂರದ ಊರಿಗೆ ಜೋರಾಗಿ, ಆದರೂ ಆರಾಮವಾಗಿ ಹೋಗಲೆಂದೇ ಮಾಡಿದ್ದು. ಕೊಳ್ಳಲು ಹೊರಟವರು ವಡೋದರಾದ ಒಬ್ಬ ಡಾಕ್ಟರು. ಅವರ ಪರವಾಗಿ ಮಾರಲು ತಂದ ದಲ್ಲಾಳಿ... ಇವನು.

“ನಿಶ್ಚಿತಾ... ನೀನು? ಅಮ್ಮ ಚೆನ್ನಾಗಿದ್ದಾನಾ?”

ಅವನು ರೈಲ್ವೆಯಲ್ಲಿದ್ದ ಹಾಲಪ್ಪನವರ ಮಗ; ಹುಟ್ಟಿ ಬೆಳೆದದ್ದೆಲ್ಲ ವಡೋದರಾದಲ್ಲೇ. ಅವನ ಕನ್ನಡದಲ್ಲಿ ಅಮ್ಮಂದಿರೆಲ್ಲ ಗಂಡಸರೇ. ಹಿಂದೆ ಇದನ್ನು ಕೇಳಿ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದಳು ಅವಳು.

ಈಗ ನಗಲಿಲ್ಲ. “ಅಮ್ಮ ಇಲ್ಲ. ಹೋದ ವರ್ಷ ತೀರ್ಕೊಂಡ್ಲು. ಬಾನೆಟ್ ತೆಗಿ.”

ಅವನ ಮುಖ ಕಪ್ಪಿಟ್ಟಿತು. ಬಾನೆಟ್ ತೆಗೆದ.

ಎಂಟು ವರ್ಷದ ಕಾರು, ಮೈಮೇಲೆ ಒಂದು ಗೀರಿಲ್ಲ. ಎಂಜಿನ್ನಿನಲ್ಲಿ ಒಂದು ತೊಟ್ಟು ಎಣ್ಣೆ ಜಿನುಗಿಲ್ಲ. ಸರ್ವಿಸಿನ ರಸೀತಿಗಳೆಲ್ಲ ತಾರೀಖಿನ ಪ್ರಕಾರ ಜೋಡಿಸಿಟ್ಟಿವೆ. ಏನಾದರೂ ಕೊರತೆ ಹುಡುಕಲೇಬೇಕೆಂದು ಹಠ ಹಿಡಿದವಳಿಗೆ ಒಂದೂ ಸಿಗದೆ ಹೊಟ್ಟೆ ಉರಿಯಿತು. ‘ಯಾರದೋ ಕಾರನ್ನ ಇಷ್ಟು ಜೋಪಾನ ಮಾಡೋನಿಗೆ ನಾನೊಬ್ಬಳು ಭಾರವಾದ್ನಾ?’

“ಆಕ್ಸಿಡೆಂಟ್ ಆಗಿದೆಯಾ?”

“ಇಲ್ಲ.”

“ಏನಾದ್ರೂ ಮುಚ್ಚಿಟ್ಟಿದ್ದೀಯಾ?”

“ಕಾರಲ್ಲಿ ಇಲ್ಲ,” ಎಂದ ಅವನು.

ಉಳಿದದ್ದು ಓಡಿಸಿ ನೋಡುವುದು. ವಡೋದರಾದವರೆಗೂ ಅವಳೇ ಓಡಿಸಬೇಕು, ಮಾರುವವನು ಜೊತೆಗಿರಬೇಕು ಎಂದು ಮೊದಲೇ ಮಾತಾಗಿತ್ತು. ಎಕ್ಸ್‌ಪ್ರೆಸ್ ಹೈವೇಗೆ ಬಿದ್ದ ಮೇಲೂ ಅರ್ಧ ದಾರಿಯ ನಡಿಯಾದ್ ದಾಟುವವರೆಗೆ ತಡೆದುಕೊಂಡಳು ಪಾಪ. ಆಮೇಲೆ ಆಗಲಿಲ್ಲ.

“ಯಾಕೆ ಬಿಟ್ಟು ಹೋದೆ?”

“ನೀನೇ ಬೇಡ ಅಂದೆ.”

“ನಾನಾ? ಯಾವಾಗ?”

“ಕೆರೆ ಹತ್ತಿರ. ನಾನು ಕೇಳಿದೆ. ನೀನು ತಲೆ ಕೆಳಗೆ ಮಾಡಿ ‘ನೋಡೋಣ’ ಅಂದೆ.”

“ಹೂಂ, ಅಂದೆ. ಅದಕ್ಕೆ?”

“ಅದಕ್ಕೇ... ನಮ್ಮ ಧಂಧಾದಲ್ಲಿ ಗಿರಾಕಿ ಕಾರಿನ ಸುತ್ತ ತಿರುಗ್ತಾನೆ, ಸೀಟಲ್ಲಿ ಕೂರ್ತಾನೆ, ಆಮೇಲೆ ‘ಜೋಈಶುಂ’ ಅಂತಾನೆ. ನೋಡೋಣ ಅಂತ. ಹಾಗೆ ಅಂದವನು ಒಬ್ಬನೂ ವಾಪಸ್ ಬಂದಿಲ್ಲ ನಿಶ್ಚಿತಾ. ಮರ್ಯಾದೆಯಿಂದ ಬೇಡ ಹೇಳೋದು ಅದು. ಅಂಥ ಗಿರಾಕಿ ಹಿಂದೆ ಬೀಳಬಾರದು. ನಿನ್ನ ಹಿಂದೆ ಹೇಗೆ ಬೀಳಲಿ?”

ಅವಳು ಕಾರನ್ನು ಮುಂದೆ ಸಿಕ್ಕ ಪೆಟ್ರೋಲ್ ಬಂಕಿಗೆ ತಿರುಗಿಸಿ ಎಂಜಿನ್ ಆರಿಸಿದಳು.

“ನಮ್ಮ ದಾವಣಗೆರೇಲಿ ಹುಡುಗಿ ತಲೆ ತಗ್ಗಿಸಿ ‘ನೋಡೋಣ’ ಅಂದ್ರೆ ಮನೇಲಿ ಪಂಚಾಂಗ ತೆಗೀತಾರೆ ಕಣೋ. ಕೇಳಿದ ತಕ್ಷಣ ಹೂಂ ಅನ್ನೋಕೆ ನಾಚಿಕೆ ಆಗಲ್ವಾ ನಂಗೆ?”

ಅವನು ಅವಳ ಕಡೆಗೆ ತಿರುಗಿ ಕೂತ.

“ಹದಿನೈದು ದಿನ ಕಾದೆ. ಆಮೇಲೆ ಮಾನ ಬಿಟ್ಟು ನಾನೇ ಫೋನ್ ಮಾಡ್ದೆ. ನಂಬರ್ ಚಾಲ್ತಿಯಲ್ಲೇ ಇರ್ಲಿಲ್ಲ.”

“ಸೂರತ್‌ಗೆ ಹೋಗಿ ಬದಲು ಮಾಡಿದೆ. ಹಳೇದು ಇದ್ದರೆ ದಿನಾ ನಿನ್ನ ಫೋನ್ ಕಾಯ್ತಿದ್ದೆ... ಅದಕ್ಕೆ.”

“ಅಮ್ಮ ಸೀರೆ ತಂದಿಟ್ಟಿದ್ಲು. ನೆಂಟರಿಗೆಲ್ಲ ಹೇಳಿಬಿಟ್ಟಿದ್ಲು. ಆಮೇಲೆ ಸಾಯೋವರೆಗೂ ನಿನ್ನ ಬೈದ್ಲು.”

“ಏನು ಅಂತ?”

“‘ಕನ್ನಡ ನೆಟ್ಟಗೆ ಬರದವನನ್ನ ನಂಬಿದ್ದೇ ತಪ್ಪಾಯ್ತು’ ಅಂತ.”

ಹೇಳಿದ ಮೇಲಷ್ಟೇ ಅವಳಿಗೆ ಹೊಳೆಯಿತು. ಅಮ್ಮ ಸಿಟ್ಟಿನಲ್ಲಿ ಆಡಿದ್ದ ಮಾತೇ ನಡೆದ ಸಂಗತಿಯಾಗಿತ್ತು. ನಗು ಬಂದಂತಾಯಿತು, ಬಂದದ್ದು ಅಳು. ಸ್ಟಿಯರಿಂಗಿಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಇದು ಗೊತ್ತಾಗದೆ ಅಮ್ಮ ಹೋಗಿಬಿಟ್ಟಳಲ್ಲ!

ಅವನು ಅವಳನ್ನು ಮುಟ್ಟಲಿಲ್ಲ. ತನಗೆ ಆ ಹಕ್ಕಿದೆ ಎಂದು ಅವನಿಗೆ ಅನಿಸಲಿಲ್ಲ. ಅವನ ಕಣ್ಣೂ ಒದ್ದೆಯಾಗಿತ್ತು.

ಯಾರದು ತಪ್ಪು ಅಂತೀರಿ? ಇನ್ನೊಂದು ಸಲ ಕೇಳದೆ ಓಡಿದವನದೋ, ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳದವಳದೋ? ಬೇಕಾದರೆ ಇಬ್ಬರ ಕಿವಿಯನ್ನೂ ಹಿಂಡಬಹುದು. ಮೂರು ವರ್ಷ ಮಾತ್ರ ಹಿಂದಿರುಗಿ ಬರುವುದಿಲ್ಲ.

ವಡೋದರಾದಲ್ಲಿ ಅವಳು ಇದ್ದದ್ದನ್ನು ಇದ್ದಂತೆಯೇ ಬರೆದುಕೊಟ್ಟಳು: ಕಾರಿನಲ್ಲಿ ಯಾವ ದೋಷವೂ ಇಲ್ಲ. ಡಾಕ್ಟರು ಖುಷಿಯಿಂದ ಬೀಗದ ಕೈ ತೆಗೆದುಕೊಂಡರು. ಇಬ್ಬರೂ ಬರಿಗೈಯಲ್ಲಿ ರಸ್ತೆಗೆ ಬಂದು ಆಟೋಗೆ ಕಾಯುತ್ತ ನಿಂತರು. ಅವಳಿಗೆ ಅಹಮದಾಬಾದಿನ ರೈಲು, ಅವನಿಗೆ ಸೂರತ್ತಿನದು.

“ನಿಶ್ಚಿತಾ... ನನಗೆ ನೀನೇ ಬೇಕು. ಆಗಲೂ, ಈಗಲೂ. ಬೇಡ ಅಂದರೂ ಪರವಾಗಿಲ್ಲ. ನನಗೆ ಅರ್ಥ ಆಗೋ ಹಾಗೆ ಹೇಳು.”

ಒಂದು ಆಟೋ ಬಂದು ನಿಂತು, ಕಾದು, ಹೊರಟೂಹೋಯಿತು.

“ನನ್ನ ಕೋಪ ಹೋಗಿಲ್ಲ. ಹೋಗುತ್ತೋ ಇಲ್ವೋ, ಅದೂ ಗೊತ್ತಿಲ್ಲ. ಅಮ್ಮನ್ನ ನೆನೆಸ್ಕೊಂಡಾಗೆಲ್ಲ ನಿನ್ನ ಮೇಲೆ ಸಿಟ್ಟು ಬರುತ್ತೆ, ನನ್ನ ಮೇಲೂ ಬರುತ್ತೆ. ಆದ್ರೂ... ಮದುವೆ ಆಗ್ತೀನಿ. ನಿನ್ನನ್ನೇ.”

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

“ಮೊದಲು ದಾವಣಗೆರೆಗೆ ಬಾ. ಅಪ್ಪನ ಮುಂದೆ ಕೂತು, ಯಾಕೆ ಬರ್ಲಿಲ್ಲ ಅಂತ ನೀನೇ ಹೇಳು. ನಿನ್ನ ಹರಕು ಕನ್ನಡದಲ್ಲೇ. ನಾನು ಮಧ್ಯೆ ಬಾಯಿ ಹಾಕಲ್ಲ.”

“ಅವರು ಹೊಡೆದರೆ?”

“ಹೊಡೆಸ್ಕೋ.”

“ನೀನು ಪಕ್ಕದಲ್ಲಿ ಇರ್ತೀಯಾ?”

ಅವಳು ದುಪಟ್ಟಾದ ತುದಿಯಿಂದ ಮೊದಲು ಅವನ ಕಣ್ಣು ಒರೆಸಿದಳು, ಆಮೇಲೆ ತನ್ನದು.

“ಇರ್ತೀನಿ. ಬಿಡಿಸಲ್ಲ, ಅಷ್ಟೇ.”